ನಿಂತುಹೋದ ಫ್ರೆಂಚ್ ಮಾತನ್ನು ಮತ್ತೆ ರೂಢಿಸಿಕೊಳ್ಳುವುದು ಹೇಗೆ?

ಪುಣೆಯಲ್ಲಿ ನೆಲೆಸಿ ಮನೆಯಲ್ಲಿ ಕನ್ನಡ, ಹೊರಗೆ ಮರಾಠಿ, ಕಚೇರಿಯಲ್ಲಿ ಇಂಗ್ಲಿಷ್ ಆಡುವ ನಮ್ಮವರಿಗೆ, ಎಂದೋ ಕಲಿತ ಫ್ರೆಂಚ್ ಓದಿದರೆ ಅರ್ಥವಾದರೂ ಬಾಯಿಗೆ ಬಾರದಿರುವುದು ಸಹಜ. ವ್ಯಾಕರಣವನ್ನು ಮೊದಲಿನಿಂದ ಓದಬೇಕಿಲ್ಲ, ಕಿವಿಯಿಂದ ಆರಂಭಿಸಿ. ಫ್ರಾನ್ಸಿನ ಆರ್‌ಎಫ್‌ಐ ರೇಡಿಯೊದ ಸರಳ ಫ್ರೆಂಚ್ ವಾರ್ತೆಯ ಒಂದೆರಡು ವಾಕ್ಯಗಳನ್ನು ಕೇಳಿ, ನಿಲ್ಲಿಸಿ, ಅದೇ ಏರಿಳಿತದಲ್ಲಿ ಗಟ್ಟಿಯಾಗಿ ಹೇಳಿರಿ. ‘ಲೆ’ (les) ಮತ್ತು ‘ಆಮಿ’ (amis) ಸೇರಿ ‘ಲೆಝಾಮಿ’ ಆಗುವಂತೆ, ಬಿಡಿಯಾಗಿದ್ದಾಗ ಕೇಳಿಸದ ಕೊನೆಯ ವ್ಯಂಜನ ಮುಂದಿನ ಸ್ವರಕ್ಕೆ ಕೂಡಿಕೊಳ್ಳುತ್ತದೆ. ಸಂಧಿಗೆ ಒಗ್ಗಿದ ಕನ್ನಡದ ನಾಲಿಗೆಗೆ ಇದು ಕಷ್ಟವಲ್ಲ, ಆದರೆ ಮನಸ್ಸಿನಲ್ಲೇ ಓದಿಕೊಂಡರೆ ರೂಢಿಯಾಗದು. ಬಳಿಕ ಪುಣೆಯ ಫ್ರೆಂಚ್ ಕಲಿಕಾ ಕೇಂದ್ರವಾದ ಅಲಿಯಾನ್ಸ್ ಫ್ರಾನ್ಸೇಜ್‌ನಂತಹ ಕಡೆ ಜೊತೆಗಾರರನ್ನು ಹುಡುಕಿಕೊಂಡು, ಪ್ರತಿ ತಪ್ಪಿಗೂ ತಡೆಯದೆ, ಮಾತು ಮುಗಿದ ಮೇಲೆ ಒಂದೆರಡನ್ನಷ್ಟೇ ತಿದ್ದುವಂತೆ ಮೊದಲೇ ಕೇಳಿಕೊಳ್ಳಿ. ಅಳುಕು ಹೋಗಲು ಇದಕ್ಕಿಂತ ಒಳ್ಳೆಯ ದಾರಿಯನ್ನು ನಾನು ಕಂಡಿಲ್ಲ. ಪದ ನೆನಪಾಗದಿದ್ದರೆ ಇಂಗ್ಲಿಷಿಗೆ ಜಾರದೆ, ಆ ವಸ್ತುವನ್ನು ಫ್ರೆಂಚಿನಲ್ಲೇ ವಿವರಿಸಿ.