ಮಹಿಳೆಯರ ನಿಟ್ ಉಡುಪು: ಸರಿಯಾದ ಎಚ್‌ಎಸ್ ಕೋಡ್ ಹುಡುಕುವುದು ಹೇಗೆ?

ಇನ್‌ವಾಯ್ಸ್‌ನಲ್ಲಿ ‘ಲೇಡೀಸ್ ಟಾಪ್’ ಎಂದಿರುತ್ತದೆ. ಮಾಲು ಕಳಿಸಿದವರು ಹಾಕಿದ ಎಚ್‌ಎಸ್ ಕೋಡನ್ನೇ (ಸರಕು ಯಾವುದೆಂದು ಗುರುತಿಸಿ ಸುಂಕ ಹಾಕಲು ಕಸ್ಟಮ್ಸ್ ಬಳಸುವ ಸಂಖ್ಯೆ) ತರಿಸಿಕೊಳ್ಳುವವರೂ ಬರೆದುಬಿಡುತ್ತಾರೆ. ಕಸ್ಟಮ್ಸ್‌ನವರು ಪೆಟ್ಟಿಗೆ ಬಿಚ್ಚಿದಾಗ ಕೋಡ್ ಬೇರೆ, ಸುಂಕ ಬೇರೆ. ಮಾಲು ಅಲ್ಲೇ ನಿಲ್ಲುತ್ತದೆ. ಈ ತಪ್ಪು ಎಷ್ಟು ಜನ ಮಾಡುತ್ತಾರೋ! ಫೋಟೊ ನೋಡಿ ಕೋಡ್ ಹಾಕಬೇಡಿ. ಮಾಲು ಹೊರಡುವ ಮೊದಲೇ ಒಂದು ಸ್ಯಾಂಪಲ್ ತರಿಸಿ.

ಮೊದಲು ಬಟ್ಟೆ ನೋಡಿ. ನೂಲು ಕುಣಿಕೆ ಕುಣಿಕೆಯಾಗಿ ಸಿಕ್ಕಿಕೊಂಡಿದ್ದರೆ ಅದು ನಿಟ್, ಸುಂಕಪಟ್ಟಿಯ 61ನೇ ಅಧ್ಯಾಯ, ಅಂದರೆ ಕೋಡಿನ ಮೊದಲ ಎರಡು ಅಂಕಿ 61. ಹಾಸು-ಹೊಕ್ಕಾಗಿ ನೇಯ್ದಿದ್ದರೆ 62. ಎಳೆದರೆ ಹಿಗ್ಗುತ್ತದೆ ಅಂತ ಸುಮ್ನೆ 61ಕ್ಕೆ ಹಾಕಬೇಡಿ, ಸ್ಪ್ಯಾಂಡೆಕ್ಸ್ ಸೇರಿದ ನೇಯ್ದ ಬಟ್ಟೆಯೂ ಹಿಗ್ಗುತ್ತದೆ. ಬ್ರಾ ಮಾತ್ರ ನಿಟ್ ಆದರೂ 6212ಕ್ಕೇ ಹೋಗುತ್ತದೆ.

ಆಮೇಲೆ ಉಡುಪು ಯಾರದ್ದು? ಎದುರಿನಲ್ಲಿ ಬಲಭಾಗ ಎಡದ ಮೇಲೆ ಬಂದರೆ ಹೆಂಗಸರದ್ದು. ಯಾರದ್ದೆಂದು ಗುರುತಿಸಲು ಆಗದಿದ್ದರೆ ಅದನ್ನೂ ಹೆಂಗಸರ ಹೆಡಿಂಗಿಗೇ (ಕೋಡಿನ ಮೊದಲ ನಾಲ್ಕು ಅಂಕಿ) ಸೇರಿಸಬೇಕು.

ಲಂಗ, ಪ್ಯಾಂಟ್, ಡ್ರೆಸ್, ಜಾಕೆಟ್ 6104. ಓವರ್‌ಕೋಟ್ 6102. ನೈಟ್‌ಡ್ರೆಸ್, ಪೈಜಾಮ 6108. ಇಲ್ಲಿ ಎಡವುವವರು ಕಡಿಮೆ.

ತಲೆನೋವೆಲ್ಲ ಇರುವುದು ಟಾಪ್‌ಗಳಲ್ಲಿ. 6106 ಬ್ಲೌಸ್ ಮತ್ತು ಶರ್ಟ್‌ಗೆ, 6109 ಟಿ-ಶರ್ಟ್‌ಗೆ, 6110 ಪುಲ್‌ಓವರ್, ಕಾರ್ಡಿಗನ್‌ಗಳಿಗೆ. ಉಡುಪನ್ನು ಮೇಜಿನ ಮೇಲೆ ಹಾಸಿ ಕೆಳ ಅಂಚಿನಿಂದ ಶುರುಮಾಡಿ. ಅಲ್ಲಿ ರಿಬ್ ಪಟ್ಟಿಯೋ, ದಾರವೋ, ಎಲಾಸ್ಟಿಕ್ಕೋ, ಬಿಗಿ ಮಾಡುವಂಥದ್ದು ಏನೇ ಇದ್ದರೂ 6106 ಆಗುವುದಿಲ್ಲ, 6109ಕ್ಕೂ ಬರುವುದಿಲ್ಲ. ಸೊಂಟದಿಂದ ಕೆಳಗೆ ಜೇಬಿದ್ದರೂ 6106 ಬಿಟ್ಟುಹೋಯಿತು. ತೋಳಿಲ್ಲ ಎಂಬ ಕಾರಣಕ್ಕೆ ಮಾತ್ರ 6106 ಬಿಡಬೇಡಿ. ಆ ನಿರ್ಬಂಧ ಗಂಡಸರ 6105ಕ್ಕೆ ಇರುವುದು. ಕಾಲರ್ ಅಥವಾ ಎದುರಿನಲ್ಲಿ ಗುಂಡಿಪಟ್ಟಿ ಇದ್ದರೆ ಅದು ಟಿ-ಶರ್ಟ್ ಅಲ್ಲ.

ಇನ್ನು ಕುಣಿಕೆ ಎಣಿಸುವ ಕೆಲಸ. ಇದನ್ನು ಬಿಟ್ಟವರೇ ಜಾಸ್ತಿ. ಬಟ್ಟೆಯನ್ನು ಎಳೆಯದೆ ಹಾಸಿ. ಕನಿಷ್ಠ 10 ಸೆಂ.ಮೀ. ಅಗಲ, 10 ಸೆಂ.ಮೀ. ಉದ್ದದ ಚೌಕಕ್ಕೆ ಗುಂಡುಸೂಜಿ ಚುಚ್ಚಿ. ಅಡ್ಡಕ್ಕೆ ಎಣಿಸಿ, ಉದ್ದಕ್ಕೂ ಎಣಿಸಿ. ಚೌಕ ಸರಿಯಾಗಿ 10 ಸೆಂ.ಮೀ. ಇದ್ದರೆ ಬಂದ ಲೆಕ್ಕವನ್ನು 10ರಿಂದ ಭಾಗಿಸಿ. ಸರಾಸರಿ ಎರಡೂ ದಿಕ್ಕಿನಲ್ಲಿ ಸೆಂ.ಮೀ.ಗೆ 10ಕ್ಕಿಂತ ಕಡಿಮೆ ಬಂದರೆ ಅದು 6106 ಅಲ್ಲ, ಸಾಮಾನ್ಯವಾಗಿ 6110. ಒಂದೇ ದಿಕ್ಕು ಎಣಿಸಿ ತೀರ್ಮಾನಕ್ಕೆ ಬರಬೇಡಿ. ನೂಲು ಎಣಿಸುವ ಪುಟ್ಟ ಭೂತಗನ್ನಡಿಯಾದ ಒಂದಿಂಚಿನ ಪಿಕ್ ಗ್ಲಾಸ್‌ನಲ್ಲಿ ಎಣಿಸಿ ಗುಣಿಸುವುದೂ ಬೇಡ. ಡಿಸೈನ್ ಇರುವ ಹೆಣಿಗೆ ಒಂದೊಂದು ಕಡೆ ಒಂದೊಂದು ಥರ ಇರುತ್ತದೆ. ಅಗ್ಗದ ಪ್ಲಾಸ್ಟಿಕ್ ಭೂತಗನ್ನಡಿಯಂತೂ ಬೇಡವೇ ಬೇಡ, ಅಂಚಿನಲ್ಲಿ ಕುಣಿಕೆಗಳೆಲ್ಲ ಕಲಸಿ ಕಾಣುತ್ತವೆ. ಉತ್ಪನ್ನದ ಹೆಸರು ಟೈಪ್ ಮಾಡಿದರೆ ಕೋಡ್ ಕೊಡುವ ಉಚಿತ ವೆಬ್‌ಸೈಟ್‌ಗಳನ್ನೂ ನಂಬಬೇಡಿ. ಕೆಳ ಅಂಚಿನಲ್ಲಿ ರಿಬ್ ಇದೆಯಾ ಅಂತ ಅವು ಕೇಳುವುದೇ ಇಲ್ಲ, ಅಲ್ವಾ?

ಹೆಡಿಂಗ್ ಆಯಿತು. ಟಾಪ್‌ಗಳಲ್ಲಿ ಮುಂದಿನ ಎರಡು ಅಂಕಿ ನಾರಿನ ಮೇಲೆ. ತೂಕದಲ್ಲಿ ಯಾವುದು ಹೆಚ್ಚೋ ಅದು. ಆದರೆ ಇಲ್ಲೊಂದು ತೊಡಕು ಇದೆ. ಒಂದು ಬ್ಲೌಸ್‌ನಲ್ಲಿ ಹತ್ತಿ ಶೇ 40, ಪಾಲಿಯೆಸ್ಟರ್ ಶೇ 35, ವಿಸ್ಕೋಸ್ ಶೇ 25 ಎಂದಿಟ್ಟುಕೊಳ್ಳಿ. ಹತ್ತಿಯೇ ದೊಡ್ಡದು ಅಂತ 6106.10 ಹಾಕಿದರೆ ತಪ್ಪು. ಪಾಲಿಯೆಸ್ಟರ್, ವಿಸ್ಕೋಸ್ ಎರಡೂ ಮಾನವ ನಿರ್ಮಿತ ನಾರು. ಅವನ್ನು ಕೂಡಿಸಿದರೆ ಶೇ 60, ಹಾಗಾಗಿ 6106.20. ಹತ್ತಿ, ಪಾಲಿಯೆಸ್ಟರ್ ಸಮಸಮ ಇದ್ದರೆ? ಸುಂಕಪಟ್ಟಿಯಲ್ಲಿ ಕೊನೆಗೆ ಬರುವ ಅಧ್ಯಾಯ ಗೆಲ್ಲುತ್ತದೆ. ಹತ್ತಿ 52, ಪಾಲಿಯೆಸ್ಟರ್ 54 ಅಥವಾ 55, ಆದ್ದರಿಂದ ಮತ್ತೆ 6106.20. ಲೇಬಲ್ ನಂಬದೆ ಲ್ಯಾಬ್ ವರದಿ ತರಿಸಿ. ಸಮಸಮದ ಹತ್ತಿರ ಇರುವ ಬಟ್ಟೆಯಲ್ಲಿ ಸ್ವಲ್ಪ ವ್ಯತ್ಯಾಸವಾದರೂ ಕೋಡ್ ಬದಲಾಗುತ್ತದೆ.

ವಿಶ್ವ ಕಸ್ಟಮ್ಸ್ ಸಂಸ್ಥೆಯ ಪದ್ಧತಿ ಅನುಸರಿಸುವ ಎಲ್ಲ ದೇಶಗಳಲ್ಲೂ ಈ 6 ಅಂಕಿ ಒಂದೇ. ಮುಂದಿನದು ಆಯಾ ದೇಶದ್ದು, ಭಾರತದಲ್ಲಿ ಒಟ್ಟು 8, ಅಮೆರಿಕದಲ್ಲಿ 10. ಅದನ್ನು ಆ ದೇಶದ ಈಗಿನ ಸುಂಕಪಟ್ಟಿಯಲ್ಲೇ ನೋಡಿ. ಅಷ್ಟಾದರೂ ಅನುಮಾನ ಉಳಿದರೆ ಸ್ಯಾಂಪಲ್, ಲ್ಯಾಬ್ ವರದಿ, ಕುಣಿಕೆಯ ಲೆಕ್ಕ ಇಟ್ಟುಕೊಂಡು, ಸರಿಯಾದ ಕೋಡ್ ಯಾವುದೆಂದು ಮೊದಲೇ ಅಧಿಕೃತವಾಗಿ ಹೇಳುವ ಅಡ್ವಾನ್ಸ್ ರೂಲಿಂಗ್‌ಗೆ ಅರ್ಜಿ ಹಾಕಿ. ಆರ್ಡರ್ ಕೊಡುವ ಮೊದಲೇ ಹಾಕಿ, ಉತ್ತರ ಬರಲು ಸಮಯ ಬೇಕಾಗುತ್ತದೆ.