ಸ್ಕೀ ಚೀಲ 27 ಕಿಲೋದಿಂದ 22ಕ್ಕೆ ಇಳಿದ ಕಥೆ

ಹಿಮದ ಮೇಲೆ ಜಾರುವ ಹಲಗೆಗಳಾದ ಸ್ಕೀಗಳನ್ನು ಹೊತ್ತು ಹೋಗುವಾಗ ವಿಮಾನ ನಿಲ್ದಾಣದ ಕೌಂಟರಿನ ತಕ್ಕಡಿ 27 ಕಿಲೋ ತೋರಿಸಿತು. ನನ್ನ ಟಿಕೆಟ್ಟಿನ ಮಿತಿ 23. ಸಾಲಿನಲ್ಲಿದ್ದವರ ಎದುರೇ ಚೀಲ ಬಿಚ್ಚಿ, ಬೆವರು ನಾರುವ ಕೈಗವಸುಗಳನ್ನು ನೆಲಕ್ಕೆ ಸುರಿದ ಮುಜುಗರ ಇನ್ನೂ ಮರೆತಿಲ್ಲ. ಮರಳುವ ಹಿಂದಿನ ರಾತ್ರಿ ನಿಯಮ ಓದಲು ಕುಳಿತೆ.

ಸಾಮಾನ್ಯ ಚೀಲಕ್ಕೆ ಉದ್ದ, ಅಗಲ, ಎತ್ತರ ಸೇರಿ 158 ಸೆಂ.ಮೀ. ಎಂಬುದು ಹಲವು ವಿಮಾನ ಸಂಸ್ಥೆಗಳ ಮಿತಿ. ನನ್ನ ಸ್ಕೀಗಳ ಉದ್ದವೇ 175! ಆದರೆ ಕ್ರೀಡಾ ಸಾಮಗ್ರಿಯೆಂದು ಮೊದಲೇ ತಿಳಿಸಿದರೆ ಉದ್ದಕ್ಕೆ ಅನೇಕ ಕಡೆ ವಿನಾಯಿತಿ ಸಿಗುತ್ತದೆ. ಸ್ಕೀ ಚೀಲ, ಬೂಟಿನ ಚೀಲ ಎರಡನ್ನೂ ಸೇರಿಸಿ ಒಂದೇ ಸಾಮಾನೆಂದು ಎಣಿಸುವ ಸಂಸ್ಥೆಗಳೂ ಇದ್ದಾರೆ. ತೂಕದ ವಿಷಯದಲ್ಲಿ ಮಾತ್ರ ದಯೆದಾಕ್ಷಿಣ್ಯವಿಲ್ಲ.

ಹಾಗಾಗಿ ಬೂಟುಗಳನ್ನು ಕೈಚೀಲಕ್ಕೆ ಹಾಕಿದೆ. ನಾಲ್ಕು ಕಿಲೋ ಅಲ್ಲೇ ಕಡಿಮೆಯಾಯಿತು. ಚೀಲ ಕಳೆದುಹೋದರೂ ಸ್ಕೀ ಬಾಡಿಗೆಗೆ ಸಿಗುತ್ತದೆ, ಪಾದಕ್ಕೆ ಒಗ್ಗಿದ ಬೂಟು ಸಿಗುವುದಿಲ್ಲ. ಸ್ಕೀಗಳ ತಳಭಾಗಗಳನ್ನು ಎದುರುಬದುರಾಗಿಸಿ ಪಟ್ಟಿ ಬಿಗಿದು, ತುದಿಗಳಿಗೂ ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್‌ಗಳಿಗೂ ಸ್ವೆಟರ್ ಸುತ್ತಿದೆ. ಬಿಸಿ ಕೈಗವಸಿನ ಬಿಡಿ ಲಿಥಿಯಂ ಬ್ಯಾಟರಿಗಳು ನನ್ನೊಡನೆಯೇ ಬಂದವು; ಅವನ್ನು ಚೆಕ್-ಇನ್ ಚೀಲದಲ್ಲಿ ಇಡುವಂತಿಲ್ಲ. ಹಿಮಕುಸಿತದಲ್ಲಿ ಹೂತುಹೋಗದಂತೆ ಉಬ್ಬಿಕೊಳ್ಳುವ ಏರ್‌ಬ್ಯಾಗ್ ಇರುವವರು ಅದರ ಅನಿಲ ಸಿಲಿಂಡರಿಗೆ ಸಂಸ್ಥೆಯ ಅನುಮತಿ ಮೊದಲೇ ಪಡೆಯಬೇಕು.

ಈ ಬಾರಿ ತಕ್ಕಡಿಯಲ್ಲಿ 22 ಕಿಲೋ. ಇಳಿದ ಮೇಲೆ ಮಾತ್ರ ಮಾಮೂಲಿ ಬೆಲ್ಟಿನ ಮುಂದೆ ಅರ್ಧ ಗಂಟೆ ಪೆದ್ದನಂತೆ ಕಾದೆ. ಚೀಲ ದೊಡ್ಡ ಗಾತ್ರದ ಸಾಮಾನುಗಳ ಬಾಗಿಲ ಬಳಿ ಗೋಡೆಗೆ ಒರಗಿ ನಿಂತಿತ್ತು.