ಟಿಕೆಟ್ ಇಲ್ಲದೆ ದೋಹಾದಲ್ಲಿ ವಿಶ್ವಕಪ್ ನೋಡಿದ ಬಗೆ

2022ರ ಫುಟ್‌ಬಾಲ್ ವಿಶ್ವಕಪ್ ಕತಾರ್‌ನಲ್ಲಿ ನಡೆದಾಗ ನಾನು ದೋಹಾದಲ್ಲೇ ಕೆಲಸದಲ್ಲಿದ್ದೆ. ಇವನು ದಿನಾ ಸ್ಟೇಡಿಯಂನಲ್ಲೇ ಕೂತಿರುತ್ತಾನೆ ಅಂತ ಊರಿನವರ ಅಂದಾಜು. ಆದರೆ ನಾನು ನೋಡಿದ ಪಂದ್ಯಗಳಲ್ಲಿ ಹೆಚ್ಚಿನವು ಸ್ಟೇಡಿಯಂ ಹೊರಗಿನವು. ಕಡಲ ದಂಡೆಯ ದೊಡ್ಡ ಪರದೆ, ಹಳೇ ಪೇಟೆಯ ಚಹಾದ ಅಂಗಡಿ, ಕಾರ್ಮಿಕರ ಬಡಾವಣೆಯ ಕ್ರಿಕೆಟ್ ಮೈದಾನ, ಕಡೆಗೆ ನಮ್ಮ ಬ್ಯಾಚುಲರ್ ರೂಮಿನ ಟಿವಿ. ಅದಕ್ಕೆ ಬೇಜಾರೂ ಇಲ್ಲ.

ಆಮೇಲೆ ದೋಹಾಕ್ಕೆ ಹೊಸದಾಗಿ ಬಂದವರು ಕೇಳುವುದು ಒಂದೇ: ಮ್ಯಾಚ್ ನೋಡೋಕೆ ಯಾವ ಜಾಗ ಒಳ್ಳೇದು? ನಾನೂ ಅವತ್ತು ಇದನ್ನೇ ಕೇಳಿದ್ದೆ, ನಮ್ಮ ರೂಮಿನ ಉಪ್ಪಳದ ಅಣ್ಣನ ಹತ್ತಿರ. ಅವರು ಈ ಊರಲ್ಲಿ ನನಗಿಂತ ಎಷ್ಟೋ ಹಳಬರು. "ನಿನಗೆ ಆಟ ನೋಡ್ಬೇಕಾ, ಜನ ನೋಡ್ಬೇಕಾ? ಮೊದಲು ಅದನ್ನು ಹೇಳು ಮಾರಾಯಾ" ಅಂದರು. ಆ ತಿಂಗಳಿಡೀ ನಾನು ಜಾಗ ಆರಿಸಿದ್ದು ಈ ಲೆಕ್ಕದಲ್ಲೇ. ಯಾರ ಮ್ಯಾಚು, ಎಷ್ಟು ಗಂಟೆಗೆ, ಮುಗಿದ ಮೇಲೆ ಮನೆಗೆ ಬರೋದು ಹೇಗೆ ಅಂತ ಮೊದಲು ನೋಡುವುದು, ಜಾಗ ಆಮೇಲೆ.

ಸಮಯದ ಕಥೆ ಹೀಗಿತ್ತು. ಗುಂಪಿನ ಹಂತದಲ್ಲಿ ಹೆಚ್ಚಿನ ದಿನ ನಾಲ್ಕು ಪಂದ್ಯ: ಮಧ್ಯಾಹ್ನ 1, ಸಂಜೆ 4, 7, ರಾತ್ರಿ 10. ಪ್ರತಿ ಗುಂಪಿನ ಕಡೆಯ ಪಂದ್ಯಗಳಿಂದ ಮುಂದೆ 6 ಮತ್ತು 10 ಗಂಟೆ. ಸರ್ಕಾರಿ ಕಚೇರಿಗಳು ಆಗ ಬೆಳಗ್ಗೆ 7ರಿಂದ 11ರವರೆಗೆ ಮಾತ್ರ. ಶಾಲೆಗಳಿಗೆ ತಿಂಗಳು ರಜೆ. ನಮ್ಮಂಥ ಖಾಸಗಿ ಕಂಪನಿಯವರಿಗೆ ಆ ಭಾಗ್ಯ ಇರಲಿಲ್ಲ. ಮಧ್ಯಾಹ್ನದ್ದನ್ನು ಆಫೀಸಿನಲ್ಲಿ ಕದ್ದು ನೋಡುವುದು, 4ರ ಆಟದ ಆಸೆ ಬಿಡುವುದು, 7ರದ್ದಕ್ಕೆ ಹೊರಗೆ ಹೋಗುವುದು, 10ರದ್ದು ಮರುದಿನದ ಕೆಲಸ ನೋಡಿಕೊಂಡು. 10ಕ್ಕೆ ಶುರುವಾದ ಆಟ ಮುಗಿಯುವಾಗ ನಡುರಾತ್ರಿ. ಊರಲ್ಲಿ ಆಗ ಎರಡೂವರೆ ಗಂಟೆ. ನನ್ನ ತಮ್ಮ ಅಲ್ಲಿ ನಿದ್ದೆಗೆಟ್ಟು ನೋಡಿ, ಬೆಳಗ್ಗೆ ಅಮ್ಮನ ಹತ್ತಿರ ಬೈಗುಳ ತಿನ್ನುತ್ತಿದ್ದ.

ಸ್ಟೇಡಿಯಂ ವಿಷಯ ಬೇಗ ಮುಗಿಸುತ್ತೇನೆ. ಕತಾರ್‌ನಲ್ಲಿ ಇರುವವರಿಗೆಂದೇ ನಾಲ್ಕನೇ ವರ್ಗದ ಟಿಕೆಟ್ ಇತ್ತು, ಗುಂಪಿನ ಪಂದ್ಯಕ್ಕೆ 40 ರಿಯಾಲ್. ನಮ್ಮ ದುಡ್ಡಲ್ಲಿ ಸಾವಿರ ರೂಪಾಯಿಗಿಂತ ಕಡಿಮೆ. ದೊಡ್ಡ ತಂಡಗಳದ್ದು ಕೈಗೆ ಸಿಗಲಿಲ್ಲ. ನನಗೆ ಸಿಕ್ಕಿದ್ದು ನವೆಂಬರ್ 22ರ ಡೆನ್ಮಾರ್ಕ್–ಟುನೀಷಿಯಾ, ಎಜುಕೇಶನ್ ಸಿಟಿಯಲ್ಲಿ. ಅರ್ಧ ದಿನ ರಜೆ ಹಾಕಿ ಹೋದೆ. 0–0. ಗೋಲಿಲ್ಲ ಅಂತ ಅನ್ನಿಸಲೇ ಇಲ್ಲ. ಗ್ಯಾಲರಿ ಪೂರ್ತಿ ಕೆಂಪು, ಟುನೀಷಿಯಾದವರು ಆಟ ಮುಗಿಯುವವರೆಗೆ ಕೂಗು ನಿಲ್ಲಿಸಲಿಲ್ಲ. ಅದೇ ಮಧ್ಯಾಹ್ನ ಲುಸೈಲ್ ಸ್ಟೇಡಿಯಂನಲ್ಲಿ ಸೌದಿ ಅರೇಬಿಯಾ 2–1ರಿಂದ ಅರ್ಜೆಂಟೀನಾವನ್ನು ಸೋಲಿಸಿತ್ತು. ವಾಪಸ್ ಬರುವಾಗ ಮುಶೈರಿಬ್ ಮೆಟ್ರೊ ನಿಲ್ದಾಣದ ಎಸ್ಕಲೇಟರ್ ಮೇಲೆ ಸೌದಿ ಹುಡುಗರು "ಮೆಸ್ಸಿ ಎಲ್ಲಿ? ಮೆಸ್ಸಿ ಎಲ್ಲಿ?" ಅಂತ ಹಾಡುತ್ತಾ ಇಳಿಯುತ್ತಿದ್ದರು. ಅರ್ಜೆಂಟೀನಾದ ನೀಲಿ–ಬಿಳಿ ಪಟ್ಟೆಯ ಅಂಗಿ ಹಾಕಿದ್ದ ಮಲಯಾಳಿ ಒಬ್ಬರು ಬ್ಯಾಗನ್ನು ಎದೆಗೆ ಹಿಡಿದುಕೊಂಡು, ಅಂಗಿ ಕಾಣದ ಹಾಗೆ ಗೋಡೆ ಕಡೆ ತಿರುಗಿ ನಿಂತಿದ್ದರು.

ಆ ಟಿಕೆಟ್‌ನಿಂದ ಇನ್ನೊಂದು ಲಾಭ ಆಯ್ತು. ಟಿಕೆಟ್ ಇದ್ದವರಿಗೆ ಹಯ್ಯಾ ಕಾರ್ಡ್ ಅಂತ ಒಂದು ಗುರುತಿನ ಕಾರ್ಡ್, ಆ ಕಾರ್ಡ್ ಇದ್ದವರಿಗೆ ಮೆಟ್ರೊ ಪೂರ್ತಿ ಫ್ರೀ. ಮೆಟ್ರೊ ರಾತ್ರಿ 3ರವರೆಗೂ ಓಡುತ್ತಿತ್ತು. ನನ್ನ ತಿರುಗಾಟಕ್ಕೆ ಖರ್ಚು ಅಂತ ಇದ್ದದ್ದು ಚಹಾ ಮಾತ್ರ.

ಇನ್ನು ಕಡಲ ದಂಡೆ. ದೋಹಾದ ಕಾರ್ನಿಷ್ ರಸ್ತೆ ಕೊಲ್ಲಿಯ ಸುತ್ತ ಬಿಲ್ಲಿನ ಹಾಗೆ ಬಾಗಿದೆ. ವಿಶ್ವಕಪ್ ಮುಗಿಯುವವರೆಗೆ ಅಲ್ಲಿ ವಾಹನ ಬಿಡುತ್ತಿರಲಿಲ್ಲ. ಸುಮಾರು ಆರು ಕಿಲೋಮೀಟರ್ ಉದ್ದಕ್ಕೂ ನಡೆಯುವವರದ್ದೇ ರಾಜ್ಯ. ಒಂದು ಕಡೆ ಮರದ ಧೌ ದೋಣಿಗಳು, ಇನ್ನೊಂದು ಕಡೆ ವೆಸ್ಟ್ ಬೇಯ ಗೋಪುರಗಳ ಮೇಲೆ ಕಟ್ಟಡದಷ್ಟೇ ಎತ್ತರದ ಆಟಗಾರರ ಚಿತ್ರ. ಪಕ್ಕದ ಅಲ್ ಬಿದ್ದಾ ಪಾರ್ಕಿನಲ್ಲಿ ಫಿಫಾ ಫ್ಯಾನ್ ಫೆಸ್ಟಿವಲ್. 40 ಸಾವಿರ ಜನ ಹಿಡಿಸುವ ಜಾಗ. ದೈತ್ಯ ಪರದೆ, ಸಂಗೀತ, ಊಟದ ಸಾಲು ಅಂಗಡಿಗಳು. ಸ್ಟೇಡಿಯಂ ಆವರಣದಲ್ಲಿ ಬಿಯರ್ ಇಲ್ಲ ಅಂತ ಟೂರ್ನಿ ಶುರುವಾಗಲು ಎರಡು ದಿನ ಇರುವಾಗ ಹೇಳಿಬಿಟ್ಟರಲ್ವಾ, ಇಲ್ಲಿ ಮಾತ್ರ ಸಂಜೆ 7ರ ಮೇಲೆ ಸಿಗುತ್ತಿತ್ತು. ಹಾಗಾಗಿ ಯುರೋಪಿನವರೂ ದಕ್ಷಿಣ ಅಮೆರಿಕದವರೂ ಇಲ್ಲಿ ಜಾಸ್ತಿ.

ನನ್ನ ಅಭಿಪ್ರಾಯ ಕೇಳಿದರೆ ಅದು ಆಟ ನೋಡುವ ಜಾಗವೇ ಅಲ್ಲ. ಜನ ನಿಂತೇ ಇರುತ್ತಾರೆ. ಮುಂದಿನವನ ಹೆಗಲ ಮೇಲೆ ಮಗು, ಅದರ ಮುಂದೆ ಬಾವುಟ. ಆಫ್‌ಸೈಡ್ ಆಯ್ತಾ ಇಲ್ವಾ ಅಂತ ತಿಳಿಯಲು ಮೊಬೈಲ್ ನೋಡಬೇಕು. ಆದರೆ ಜನ ನೋಡಲು ಅದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ. ಮೆಕ್ಸಿಕೊದವರು ದೊಡ್ಡ ಟೊಪ್ಪಿ ಹಾಕಿಕೊಂಡು ಯಾರು ಕರೆದರೂ ಫೋಟೊಗೆ ನಿಲ್ಲುತ್ತಿದ್ದರು. ಸಂಸಾರ ಕರೆದುಕೊಂಡು ಬಂದ ಗೆಳೆಯರಿಗೆ ನಾನು ಹೇಳುತ್ತಿದ್ದದ್ದು ಇಷ್ಟೇ: ನಿಮಗೆ ಅಷ್ಟೇನೂ ಮುಖ್ಯವಲ್ಲದ ಪಂದ್ಯದ ದಿನ ಹೋಗಿ. ಎರಡನೇ ಅರ್ಧದ ನಡುವೆಯೇ ಮೆಟ್ರೊ ಕಡೆ ಹೊರಡಿ. ಕಡೆಯ ಸೀಟಿ ಆದಮೇಲೆ ಹೊರಟರೆ ಧರ್ಮಸ್ಥಳದ ದರ್ಶನದ ಸಾಲಿನ ಹಾಗೆ ಬ್ಯಾರಿಕೇಡ್ ಒಳಗೆ ಸುತ್ತು ಹೊಡೆಯಬೇಕು. ನಿಲ್ದಾಣ ಕಣ್ಣೆದುರೇ ಕಾಣುತ್ತಿರುತ್ತದೆ, ದಾರಿ ಮಾತ್ರ ಬೇರೆ ಕಡೆಗೆ ತಿರುಗಿಸುತ್ತಿರುತ್ತದೆ.

ಆ ದಾರಿ ತೋರಿಸುವವರದ್ದೇ ಒಂದು ಮಜಾ. ಸೂಕ್ ವಾಕಿಫ್ ಹತ್ತಿರ ಎತ್ತರದ ಕುರ್ಚಿಯಲ್ಲಿ ಕೂತ ಕೀನ್ಯಾದ ಹುಡುಗ ಕೈಯಲ್ಲಿ ಬೆರಳಿನ ಆಕಾರದ ದೊಡ್ಡ ಫೋಮ್ ಹಿಡಿದು "ಮೆಟ್ರೊ, ದಿಸ್ ವೇ" ಅಂತ ಮೆಗಾಫೋನ್‌ನಲ್ಲಿ ರಾಗವಾಗಿ ಕೂಗುತ್ತಿದ್ದ. ಜನ "ವಿಚ್ ವೇ?" ಅಂತ ಕೇಳುವುದು, ಅವನು ಉತ್ತರ ಕೊಡುವುದು. ಆ ಒಂದು ಸಾಲಿನಿಂದ ಅವನು ಪ್ರಪಂಚಕ್ಕೆಲ್ಲ ಪರಿಚಯವಾದ. ನಮ್ಮ ರೂಮಿನಲ್ಲಿ ಯಾರಾದರೂ ಬಾತ್‌ರೂಮ್ ಖಾಲಿ ಇದೆಯಾ ಅಂತ ಕೇಳಿದರೂ ಅದೇ ಧಾಟಿಯ ಉತ್ತರ ಬರುತ್ತಿತ್ತು.

ಸೂಕ್ ವಾಕಿಫ್ ದೋಹಾದ ಹಳೇ ಪೇಟೆ. ಮಣ್ಣಿನ ಬಣ್ಣದ ಗೋಡೆ, ಮರದ ತೊಲೆ, ಇಕ್ಕಟ್ಟಾದ ಓಣಿ. ಅರಬ್ ತಂಡಗಳ ಪಂದ್ಯ ಇದ್ದರೆ ನಾನು ಹೋಗುತ್ತಿದ್ದದ್ದು ಇಲ್ಲಿಗೆ. ದೊಡ್ಡ ಪರದೆಯ ಆಸೆ ಇಲ್ಲಿ ಬೇಡ. ಹೋಟೆಲುಗಳ ಹೊರಗೆ ಟಿವಿ ಇಟ್ಟಿರುತ್ತಾರೆ, ಹುಕ್ಕಾ ಸೇದುವವರು ಅದರ ಮುಂದೆ. ಕುರ್ಚಿ ಬೇಕಾದರೆ ಏನಾದರೂ ತರಿಸಿಕೊಳ್ಳಲೇಬೇಕು, ಬೆಲೆಯೂ ಹೆಚ್ಚು. ನಾವು ಕುರ್ಚಿಯ ತಂಟೆಗೆ ಹೋಗದೆ, ಪಕ್ಕದಲ್ಲಿ ಕರಕ್ ಚಹಾ ಹಿಡಿದು ಹಿಂದೆ ನಿಂತು ನೋಡುತ್ತಿದ್ದೆವು. ಏಲಕ್ಕಿ ಹಾಕಿ, ಹಾಲು ಬತ್ತುವ ಹಾಗೆ ಕುದಿಸಿದ ಚಹಾ ಅದು.

ಡಿಸೆಂಬರ್ 6ರ ಮೊರಾಕೊ–ಸ್ಪೇನ್ ಪಂದ್ಯವನ್ನು ಅಲ್ಲಿ ನೋಡಿದ್ದು ನನ್ನ ಆ ತಿಂಗಳ ಒಳ್ಳೆಯ ಲೆಕ್ಕಾಚಾರ. ಆಟ 6 ಗಂಟೆಗೆ. ಆಫೀಸಿನಿಂದ ಸೀದಾ ಹೋದೆ. 120 ನಿಮಿಷ ಆದರೂ ಗೋಲಿಲ್ಲ, ಪೆನಾಲ್ಟಿಗೆ ಬಂತು. ಅಷ್ಟು ಹೊತ್ತಿಗೆ ಓಣಿಯಲ್ಲಿ ಕಾಲಿಡಲು ಜಾಗವಿಲ್ಲ. ಸರ್ವರ್ ಒಬ್ಬರು ಕಬಾಬ್ ತಟ್ಟೆ ಹಿಡಿದು ಹೊರಟವರು ಅರ್ಧ ದಾರಿಯಲ್ಲೇ ನಿಂತರು. ತರಿಸಿಕೊಂಡವರೂ ಕೇಳಲಿಲ್ಲ. ಸ್ಪೇನಿನ ಮೊದಲ ಹೊಡೆತ ಕಂಬಕ್ಕೆ ಬಡಿಯಿತು, ಮುಂದಿನ ಎರಡನ್ನು ಮೊರಾಕೊದ ಗೋಲಿ ಬುನು ತಡೆದರು. ಕಡೆಗೆ ಮೊರಾಕೊದ ಹಕೀಮಿ ಬಂದು ಚೆಂಡನ್ನು ಕಾಲಲ್ಲಿ ಸುಮ್ನೆ ಎತ್ತಿ ಗೋಲಿನ ನಡುವಿಗೆ ಬಿಟ್ಟರು, ಮೊರಾಕೊ ಗೆದ್ದಿತು. ಗುರುತು ಪರಿಚಯ ಇಲ್ಲದ ಹಿರಿಯರೊಬ್ಬರು ನನ್ನ ತಲೆ ಹಿಡಿದು ಹಣೆಗೆ ಮುತ್ತು ಕೊಟ್ಟರು. ಕಬಾಬ್ ತಟ್ಟೆ ಎಲ್ಲಿ ಹೋಯಿತೋ ಗೊತ್ತಿಲ್ಲ. ಇದೇ ಪಂದ್ಯವನ್ನು ರೂಮಿನಲ್ಲಿ ನೋಡಿದ್ದರೆ ಆಟ ಚೆನ್ನಾಗಿ ಕಾಣುತ್ತಿತ್ತು, ಅಷ್ಟೇ.

ಆಟವೂ ಕಾಣಬೇಕು, ಜನವೂ ಬೇಕು ಅಂದರೆ ಏಷ್ಯನ್ ಟೌನ್. ಪ್ರವಾಸಿಗಳ ಪಟ್ಟಿಯಲ್ಲಿ ಇದರ ಹೆಸರು ಕಾಣುವುದು ಅಪರೂಪ. ಇಂಡಸ್ಟ್ರಿಯಲ್ ಏರಿಯಾದ ಕಡೆ, ಕಡಲಿನಿಂದ ದೂರ, ಕಾರ್ಮಿಕರ ವಸತಿಗಳ ನಡುವೆ ಇದೆ. ಅಲ್ಲಿನ ಕ್ರಿಕೆಟ್ ಸ್ಟೇಡಿಯಂನಲ್ಲಿ ದೊಡ್ಡ ಪರದೆ ಹಾಕಿ ಫ್ಯಾನ್ ಝೋನ್ ಮಾಡಿದ್ದರು. ಈ ಸ್ಟೇಡಿಯಂಗಳನ್ನು, ರಸ್ತೆಗಳನ್ನು, ಮೆಟ್ರೊವನ್ನು ಕಟ್ಟಿದ ಜನರೇ ಅಲ್ಲಿನ ಪ್ರೇಕ್ಷಕರು: ನೇಪಾಳ, ಬಾಂಗ್ಲಾದೇಶ, ಭಾರತ, ಕೀನ್ಯಾ, ಉಗಾಂಡಾ. ಹುಲ್ಲಿನ ಮೇಲೆ ರಟ್ಟು ಹಾಸಿಕೊಂಡು ಕೂರುತ್ತಾರೆ. ಕೂರುವುದರಿಂದ ಹಿಂದಿನವರಿಗೂ ಪರದೆ ಕಾಣುತ್ತದೆ. ಇದು ಸಣ್ಣ ವಿಷಯ ಅನ್ನಿಸಬಹುದು, ಆದರೆ 90 ನಿಮಿಷ ನೋಡುವವನಿಗೆ ಇದೇ ದೊಡ್ಡದು.

ಅಲ್ಲಿ ಶುಕ್ರವಾರ ಹೋಗಬೇಕು. ರಜಾ ದಿನ, ಒಗೆದ ಅಂಗಿ ಹಾಕಿ ಎಲ್ಲರೂ ಬಂದಿರುತ್ತಾರೆ. ನನ್ನ ಪಕ್ಕ ಕೂತಿದ್ದ ಬಾಂಗ್ಲಾದ ಹುಡುಗ ವಿಡಿಯೊ ಕಾಲ್ ಮಾಡಿ ಫೋನನ್ನು ಪರದೆ ಕಡೆ ಹಿಡಿದಿದ್ದ. ಮನೆಯವರು ಅಲ್ಲಿ ಟಿವಿಯಲ್ಲಿ ಅದೇ ಪಂದ್ಯ ನೋಡುತ್ತಿದ್ದಾರೆ ಅಂತ ಅವನೇ ಹೇಳಿದ. ಮತ್ತೆ ಯಾಕೆ ತೋರಿಸುತ್ತಿದ್ದೀಯಾ ಅಂತ ಕೇಳಿದೆ. "ನಾನು ಕತಾರ್‌ನಿಂದ ತೋರಿಸೋದು ಬೇರೆ, ಭಾಯ್" ಅಂದ. ಅವನು ಅರ್ಜೆಂಟೀನಾ ಕಡೆಯವನು. ಬಾಂಗ್ಲಾದವರಲ್ಲಿ ಅರ್ಧ ಅರ್ಜೆಂಟೀನಾ, ಅರ್ಧ ಬ್ರೆಜಿಲ್. ಜಗಳವೂ ಹಾಗೆಯೇ.

ಇಲ್ಲಿಗೆ ಮೆಟ್ರೊ ಇಲ್ಲ, ಬಸ್ಸೋ ಕಾರೋ ಬೇಕು. ನಾವು ಗೆಳೆಯನ ಪಿಕಪ್‌ನಲ್ಲಿ ಹೋಗುತ್ತಿದ್ದೆವು. ಊಟಕ್ಕೂ ಅಲ್ಲಿ ಚಿಂತೆ ಇಲ್ಲ. ಕಾರ್ನಿಷ್‌ನಲ್ಲಿ ಒಂದು ಬರ್ಗರ್‌ಗೆ ಕೊಡುವ ದುಡ್ಡಿಗೆ ಇಲ್ಲಿ ನಾಲ್ಕು ಜನ ಬಿರಿಯಾನಿ ತಿಂದು ಏಳಬಹುದು.

ಉಳಿದದ್ದು ರೂಮು. ನಮ್ಮದು ದೋಹಾದ ನಜ್ಮಾ ಬಡಾವಣೆಯಲ್ಲಿ, ಕೆಳಗೆ ಮಲಯಾಳಿ ಕೆಫೆಟೇರಿಯಾ. ಮೊದಮೊದಲು ನಾವು ಇಂಟರ್‌ನೆಟ್‌ನಲ್ಲಿ ಟಿವಿಗೆ ಹಾಕಿ ನೋಡುತ್ತಿದ್ದೆವು. ಕೆಳಗಿನವರದ್ದು ಡಿಶ್. ಇಂಟರ್‌ನೆಟ್‌ನಲ್ಲಿ ಬರುವ ಚಿತ್ರ ಡಿಶ್‌ಗಿಂತ ಹಿಂದೆ ಇರುತ್ತದೆ, ಕೆಲವೊಮ್ಮೆ ಅರ್ಧ ನಿಮಿಷದಷ್ಟು. ನಮ್ಮ ಪರದೆಯಲ್ಲಿ ಚೆಂಡು ಇನ್ನೂ ಮೈದಾನದ ನಡುವೆ ಇರುವಾಗಲೇ ಕೆಳಗೆ ಕೂಗು ಏಳುತ್ತಿತ್ತು. ಕಿಟಕಿ ಮುಚ್ಚಿ ನೋಡಿದೆವು, ಎಸಿ ಜೋರು ಮಾಡಿ ನೋಡಿದೆವು. ಕೊನೆಗೆ ಉಪ್ಪಳದ ಅಣ್ಣ ಎಲ್ಲಿಂದಲೋ ಒಂದು ಡಿಶ್ ರಿಸೀವರ್ ಹೊಂದಿಸಿ ತಂದರು. ಮುಖ್ಯ ಪಂದ್ಯಕ್ಕೆ ರೂಮು ನೆಚ್ಚುವವರು ಮೊದಲು ಇದನ್ನು ನೋಡಿಕೊಳ್ಳಿ. ಪರದೆ ಸಣ್ಣದಿದ್ದರೂ ಪರವಾಗಿಲ್ಲ, ಪಕ್ಕದ ಮನೆಗಿಂತ ಹಿಂದೆ ಮಾತ್ರ ಬೀಳಬಾರದು.

ಫೈನಲ್ ಡಿಸೆಂಬರ್ 18, ಸಂಜೆ 6ಕ್ಕೆ. ಅದು ಕತಾರ್‌ನ ರಾಷ್ಟ್ರೀಯ ದಿನವೂ ಹೌದು. ಪಂದ್ಯ ನಡೆಯುವ ಲುಸೈಲ್ ಕಡೆ ಹೋದರೆ ವಾಪಸ್ ಬರುವುದು ಯಾವಾಗಲೋ ಅಂತ ರೂಮಿನಲ್ಲೇ ಕೂತೆವು. ಮಂಚಗಳನ್ನು ಗೋಡೆಗೆ ಸರಿಸಿ, ಪಕ್ಕದ ರೂಮಿನವರನ್ನೂ ಕರೆದೆವು. 79 ನಿಮಿಷದವರೆಗೆ ಫ್ರಾನ್ಸ್ ಎದುರು ಅರ್ಜೆಂಟೀನಾ 2–0. ಒಬ್ಬರು ಬಿರಿಯಾನಿ ಪೊಟ್ಟಣ ಬಿಚ್ಚಲು ಶುರು ಮಾಡಿದರು. ಫ್ರಾನ್ಸ್‌ನ ಎಂಬಾಪೆ ಎರಡು ನಿಮಿಷದೊಳಗೆ ಎರಡು ಗೋಲು ಹೊಡೆದರು, ಪೊಟ್ಟಣ ಹಾಗೇ ಉಳಿಯಿತು. 3–3 ಆಗಿ, ಪೆನಾಲ್ಟಿಯಲ್ಲಿ ಅರ್ಜೆಂಟೀನಾ 4–2ರಿಂದ ಗೆದ್ದಮೇಲೆಯೇ ಊಟ. ಅಷ್ಟು ಹೊತ್ತಿಗೆ ರಸ್ತೆಯಲ್ಲಿ ಕತಾರ್ ಬಾವುಟದ ಕಾರುಗಳೂ ಅರ್ಜೆಂಟೀನಾ ಬಾವುಟದ ಕಾರುಗಳೂ ಸೇರಿ ಹಾರ್ನ್ ಹೊಡೆಯುತ್ತಿದ್ದವು. ಆ ಪಂದ್ಯದ ಪ್ರತಿಯೊಂದು ಪಾಸ್ ನನಗೆ ಕಂಡಿದೆ. ಫ್ಯಾನ್ ಫೆಸ್ಟಿವಲ್‌ನಲ್ಲಿ ನಿಂತು ನೋಡಿದ ಗೆಳೆಯ ಆಮೇಲೆ ನಮ್ಮ ರೂಮಿಗೆ ಬಂದು ಹೈಲೈಟ್ಸ್ ನೋಡಿದ.

ಮುಂದೆ ನೋಡುವವರಿಗೆ ಎರಡು ಮಾತು. 2022ರದ್ದು ಚಳಿಗಾಲದ ಟೂರ್ನಿ, ಅದಕ್ಕೇ ಹೊರಗೆ ಕೂರಲು ಸಾಧ್ಯವಾಯಿತು. ಮಾಮೂಲಿ ವಿಶ್ವಕಪ್ ಜೂನ್–ಜುಲೈನಲ್ಲಿ. ಆ ತಿಂಗಳಲ್ಲಿ ದೋಹಾದ ಕಡಲ ದಂಡೆಯಲ್ಲಿ ರಾತ್ರಿಯೂ ಅಂಗಿ ಒದ್ದೆಯಾಗುವ ಸೆಖೆ. ಆಗ ಎಸಿ ಇರುವ ಜಾಗ ಬಿಟ್ಟರೆ ಗತಿಯಿಲ್ಲ. ದೋಹಾದಲ್ಲೇ ನಡೆಯುವ ಚಳಿಗಾಲದ ಟೂರ್ನಿಗಳಿಗಾದರೆ ಸ್ಟೇಡಿಯಂ ಟಿಕೆಟ್‌ಗೇ ಪ್ರಯತ್ನಿಸಿ. 2024ರ ಜನವರಿಯ ಏಷ್ಯನ್ ಕಪ್‌ಗೆ 25 ರಿಯಾಲ್‌ನಿಂದಲೇ ಟಿಕೆಟ್ ಇತ್ತು. ಅಹ್ಮದ್ ಬಿನ್ ಅಲಿ ಸ್ಟೇಡಿಯಂನಲ್ಲಿ ಭಾರತ–ಆಸ್ಟ್ರೇಲಿಯಾ ಪಂದ್ಯಕ್ಕೆ ಎಲ್ಲಿ ನೋಡಿದರೂ ನೀಲಿ ಅಂಗಿ. 0–2ರಿಂದ ಸೋತೆವು, ಆದರೆ ಅರ್ಧ ಆಟ ಮುಗಿಯುವವರೆಗೆ ಅವರಿಗೆ ಗೋಲು ಬಿಟ್ಟುಕೊಟ್ಟಿರಲಿಲ್ಲ. 17 ವರ್ಷದೊಳಗಿನವರ ವಿಶ್ವಕಪ್ಪನ್ನೂ 2025ರಿಂದ 2029ರವರೆಗೆ ಪ್ರತಿ ವರ್ಷ ಕತಾರ್‌ಗೇ ಕೊಟ್ಟಿದ್ದಾರೆ. 2025ರಲ್ಲಿ ಫೈನಲ್ ಬಿಟ್ಟು ಉಳಿದ ಪಂದ್ಯಗಳನ್ನು ಆಸ್ಪೈರ್ ಝೋನ್‌ನ ಸಣ್ಣ ಮೈದಾನಗಳಲ್ಲಿ ಆಡಿಸಿದರು. ಅಂಥ ಕಡೆ ಪರದೆಯೇ ಬೇಡ, ಆಟಗಾರರು ಒಬ್ಬರನ್ನೊಬ್ಬರು ಕರೆಯುವುದೂ ಕೇಳಿಸುತ್ತದೆ. ಮೆಟ್ರೊದ ಗೋಲ್ಡ್ ಲೈನ್ ಹಿಡಿದು ಸ್ಪೋರ್ಟ್ ಸಿಟಿಯಲ್ಲಿ ಇಳಿದರೆ ಆಯ್ತು.